ದೇವರ ಪದ ಹಾಡುವವರು ಹಣೆಬರಹ ನಂಬಿ ಕೂತವರಾ? ಘಟ್ಟದ ಬುಡದಿಂದ ಒಂದು ಪ್ರಶ್ನೆ

ಘಟ್ಟದ ಬುಡದವ:
ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನವನು. ದೇವಿಮನೆ ಘಟ್ಟದ ಬುಡದಲ್ಲಿ ನಮ್ಮ ಊರು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಒಂದು ಮಾತು ವಾರದಿಂದ ತಲೆ ಕೊರೆಯುತ್ತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ದಿಬ್ಬದ ಕೆಳಗೆ ಹಾಲಕ್ಕಿ ಒಕ್ಕಲಿಗ ಸಮುದಾಯದವರ ಕೊಪ್ಪ, ಅಂದರೆ ಸಣ್ಣ ಊರು, ಇದೆ. ಅಲ್ಲಿನ ಒಬ್ಬ ಅಜ್ಜಿಯ ಗದ್ದೆ ಈ ಮಳೆಗಾಲದಲ್ಲಿ ಎರಡು ಸಲ ಹೋಯಿತು. ನೆಟ್ಟಿ ಮಾಡಿದರು, ಹೊಳೆ ಬಂತು. ಮತ್ತೆ ನೆಟ್ಟರು, ಮತ್ತೆ ಬಂತು. ಎರಡನೇ ಸಲ ಹೋದ ದಿನ ರಾತ್ರಿ ಆ ಮನೆಯ ಜಗಲಿಯಿಂದ ಹಾಡು ಕೇಳಿಸಿತು. ಮೂರು ನಾಲ್ಕು ಹೆಂಗಸರು ಸೇರಿ ದೇವರ ಪದ ಹಾಡುತ್ತಿದ್ದರು. ಮಳೆ ನಿಂತು ನಿಂತು ಬರುತ್ತಿತ್ತು, ಹಾಡು ಮಾತ್ರ ನಿಲ್ಲಲಿಲ್ಲ.

ಆ ದಿನ ಬೆಂಗಳೂರಿನ ಒಬ್ಬ ಗೆಳೆಯ ನಮ್ಮಲ್ಲಿ ಉಳಿದಿದ್ದ. ಒಳ್ಳೆಯ ಮನುಷ್ಯ, ಓದಿದವನು. ಅವನು ಹೇಳಿದ: "ಗದ್ದೆ ಹೋದರೂ ಹಾಡುತ್ತಾರಲ್ಲ! ಎಲ್ಲ ದೇವರಿಟ್ಟ ಹಾಗೆ ಅಂತ ಕೂತುಬಿಟ್ಟಿದ್ದಾರೆ. ಈ ಹಾಡುಗಳೇ ಇವರನ್ನು ಮೇಲೇಳಲು ಬಿಡಲಿಲ್ಲ."

ನನಗೆ ಸಿಟ್ಟು ಬಂತು. ಆದರೆ ಉತ್ತರ ಬರಲಿಲ್ಲ. ಗುಮಟೆ ವಾದ್ಯದ ಜೊತೆ ಹಾಡುವ ಗುಮಟೆ ಪಾಂಗು, ಸುಗ್ಗಿ ಪದ, ದೀಪಾವಳಿಯ ಬಿಂಗಿ ಪದ, ಸಿದ್ದಿಗಳು ಬಾರಿಸಿ ಹಾಡುವ ಡಮಾಮಿ, ನಮ್ಮ ಮನೆ ಹೆಂಗಸರ ಶೋಭಾನೆ, ಎಲ್ಲ ಕೇಳುತ್ತಲೇ ಬೆಳೆದವನು ನಾನು. ಇವು ಘಟ್ಟದ ಜನಕ್ಕೆ ಬದುಕನ್ನು ನೋಡುವ ಯಾವ ಕಣ್ಣು ಕೊಟ್ಟವು? ತಾಳ್ಮೆ ಕಲಿಸಿದವಾ, ಇಲ್ಲಾ ತಲೆ ತಗ್ಗಿಸುವುದನ್ನು ಕಲಿಸಿದವಾ? ನಿಮ್ಮ ನಿಮ್ಮ ಊರಿನ ಅನುಭವ ಬರೆಯಿರಿ.

ಗಂಗಾವಳಿ ದಂಡೆ:
ಸರ್, ನಿಮ್ಮ ಗೆಳೆಯರಿಗೆ ಅಂಕೋಲೆಯ ಸುಕ್ರಿ ಬೊಮ್ಮಗೌಡ ಅವರ ಹೆಸರು ಹೇಳಿ ಸಾಕು. ಬಡಿಗೇರಿಯ ಸುಕ್ರಜ್ಜಿ. ಓದಿದವರಲ್ಲ, ಸಾವಿರಾರು ಹಾಡು ಬಾಯಲ್ಲೇ ಇಟ್ಟುಕೊಂಡಿದ್ದರು. ದೇವರ ಪದ ಹಾಡುತ್ತಾ ಹಣ್ಣಾದ ಜೀವ. ಅದೇ ಅಜ್ಜಿ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ಬೀದಿಗಿಳಿದರು. ಹಣೆಬರಹ ಅಂತ ಕೂತವರು ಹಾಗೆ ಮಾಡುತ್ತಾರಾ? 2018ರಲ್ಲಿ ಪದ್ಮಶ್ರೀ ಕೊಟ್ಟರು.

ಬನವಾಸಿ ಬಸ್ಸು:
2017 ಅಕ್ಕ. 2018 ಅಲ್ಲ.

ಗಂಗಾವಳಿ ದಂಡೆ:
ಹೌದು, 2017. ತಪ್ಪಾಯಿತು. ಕಳೆದುಕೊಂಡದ್ದು 2025ರ ಫೆಬ್ರವರಿಯಲ್ಲಿ. ಅದಕ್ಕೆ ಎರಡು ತಿಂಗಳ ಮುಂಚೆ, 2024ರ ಡಿಸೆಂಬರಿನಲ್ಲಿ, ಹೊನ್ನಳ್ಳಿಯ ತುಳಸಿ ಗೌಡ ಅವರು ಹೋದರು. ಗಿಡ ನೆಟ್ಟ ಅಜ್ಜಿ, ಹಾಡಿದ ಅಜ್ಜಿ, ಇಬ್ಬರೂ ನಮ್ಮ ತಾಲೂಕಿನವರು, ಇಬ್ಬರೂ ಹಾಲಕ್ಕಿಗಳು. ಒಂದೇ ಚಳಿಗಾಲದಲ್ಲಿ ಎರಡು ಮರ ಬಿದ್ದ ಹಾಗಾಯಿತು ನಮಗೆ.

ಕೊಪ್ಪದ ಗೌಡ:
ನಾನು ಹಾಲಕ್ಕಿ ಒಕ್ಕಲಿಗ. ಹೊನ್ನಾವರ ಕಡೆಯವನು, ಈಗ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದೇನೆ. ಸ್ವಲ್ಪ ಬಿಚ್ಚಿ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಹಾಡು ಚೆಂದ, ನಮ್ಮ ಕುಣಿತ ಚೆಂದ, ನಮ್ಮ ಮಣಿಸರ ಚೆಂದ ಅಂತ ಎಲ್ಲರೂ ಹೇಳುತ್ತಾರೆ. ಫೋಟೋ ತೆಗೆಯುತ್ತಾರೆ. ಆದರೆ ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ? ಇನ್ನೂ ಆಗಿಲ್ಲ. ನನ್ನ ಅಜ್ಜ ಬೇರೆಯವರ ಗದ್ದೆ ಗೇಯುತ್ತಿದ್ದ. ಸುಗ್ಗಿಯಲ್ಲಿ ತಲೆಗೆ ಹೂವಿನ ತುರಾಯಿ ಕಟ್ಟಿಕೊಂಡು ಅದೇ ಒಡೆಯರ ಅಂಗಳದಲ್ಲಿ ಕುಣಿಯುತ್ತಿದ್ದ. ಅವರು ಅಕ್ಕಿ, ತೆಂಗಿನಕಾಯಿ, ನಾಲ್ಕು ದುಡ್ಡು ಕೊಟ್ಟರೆ ದೇವರ ಹೆಸರಲ್ಲಿ ಹರಸಿ ಬರುತ್ತಿದ್ದ. ಆ ಪದಗಳಲ್ಲಿ ಒಡೆಯನ ಮನೆ ಹೊನ್ನಾಗಲಿ ಅಂತ ಇದೆ. ನಮ್ಮ ಮನೆ ಹೊನ್ನಾಗಲಿ ಅಂತ ಯಾವ ಸಾಲಿನಲ್ಲಿದೆ? ನಾನು ಹುಡುಕಿ ನೋಡಿದ್ದೇನೆ.

ಆ ಬೆಂಗಳೂರಿನವರ ಮಾತು ಒರಟು. ಪೂರ್ತಿ ಸುಳ್ಳು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಬನವಾಸಿ ಬಸ್ಸು:
ಗೌಡ್ರೆ, ಈ ಮಾತು ಯಾರಾದರೂ ಹೇಳಬೇಕಿತ್ತು.

ಸೋಂದೆ ಸೊಸೆ:
ಕೊಪ್ಪದ ಗೌಡ ಅವರ ನೋವು ಅರ್ಥವಾಗುತ್ತದೆ. ನಾನು ಹವ್ಯಕರ ಮನೆಯವಳು, ಆ ಒಡೆಯರ ಅಂಗಳ ಅನ್ನುವುದು ನಮ್ಮ ಕಡೆಯ ಅಂಗಳವೂ ಆಗಿತ್ತು. ಅದನ್ನು ಒಪ್ಪಿಕೊಂಡೇ ನನಗೆ ಕಂಡದ್ದು ಹೇಳುತ್ತೇನೆ.

ನಮ್ಮ ಅಮ್ಮಮ್ಮನಿಗೆ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡು ಬರುತ್ತಿತ್ತು. ಎಣ್ಣೆ ಹಚ್ಚುವುದಕ್ಕೆ, ಆರತಿಗೆ, ಬೀಗರನ್ನು ಕರೆಯುವುದಕ್ಕೆ, ಹೆಣ್ಣು ಒಪ್ಪಿಸುವುದಕ್ಕೆ. ಆ ಹಾಡುಗಳ ದೇವರು ಗುಡಿಯ ದೇವರಲ್ಲ, ಮನೆಯ ನೆಂಟ. ಶಿವ ಸಂಸಾರ ನಡೆಸಲು ಬಾರದ ಗಂಡ. ಗಂಗೆ ಗೌರಿ ಜಗಳ ಆಡುವ ಸವತಿಯರು. ಗೌರಿ ತವರಿಗೆ ಹೊರಟರೆ ಶಿವ ದಾರಿಯಲ್ಲಿ ನಿಂತು ಬೇಡಿಕೊಳ್ಳುತ್ತಾನೆ. ಅಮ್ಮಮ್ಮ ಗಂಡನ ಎದುರು ನಿಂತು ಒಂದು ಮಾತು ಆಡಿದವಳಲ್ಲ. ಆ ಕಾಲ ಹಾಗಿತ್ತು. ಆದರೆ ಹತ್ತು ಜನ ಕೂತ ಜಗಲಿಯಲ್ಲಿ, ಗೌರಿಯ ಬಾಯಲ್ಲಿ, ಎಲ್ಲವನ್ನೂ ಹೇಳುತ್ತಿದ್ದಳು. ಅಜ್ಜ ಒಳಗೆ ಕೂತು ಕೇಳಬೇಕಿತ್ತು. ದೇವರ ಹಾಡು ಅಲ್ವಾ, ನಿಲ್ಲಿಸು ಅನ್ನುವ ಹಾಗಿಲ್ಲ.

ತಲೆ ತಗ್ಗಿಸುವುದು ಅಂತ ಇದನ್ನು ಹೇಗೆ ಕರೆಯಲಿ? ದೇವರ ಜೊತೆಗೇ ಜಗಳ ಆಡಬಹುದು ಅಂತ ನಾನು ಕಲಿತದ್ದು ಅಲ್ಲಿಂದ.

ಗುಮಟೆ ಪ್ರಿಯ ಕಾರವಾರ:
ಬೈಯುವ ಮಾತು ಬಂತು ಅಂತ ಹೇಳುತ್ತೇನೆ. ಮಾರಿ ಹಬ್ಬಗಳಲ್ಲಿ ದೇವಿಯ ಪದ ಹಾಡುವ ಅಸಾದಿಗಳು ಅವಳ ಎದುರು ನಿಂತು ಬೈದು ಹಾಡುತ್ತಾರೆ. ಅದೂ ಸೇವೆಯೇ. ಹೆದರಿಕೊಂಡ ಜನಕ್ಕೆ ಹೀಗೆ ಹಾಡಲು ಆಗುವುದಿಲ್ಲ.

ತಾಳಮದ್ದಳೆ ಅಭಿಮಾನಿ:
ನಮ್ಮ ಘಟ್ಟದ ಮನಸ್ಸನ್ನು ರೂಪಿಸಿದ್ದು ಯಕ್ಷಗಾನ. ಅದನ್ನು ಯಾರೂ ಹೇಳಲೇ ಇಲ್ಲ! ಮಳೆಗಾಲದಲ್ಲಿ ಶಿರಸಿ ಸಿದ್ದಾಪುರ ಕಡೆ ಹಳ್ಳಿ ಹಳ್ಳಿಯಲ್ಲಿ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ವಾಲಿ ರಾಮನನ್ನು ಕೇಳುತ್ತಾನೆ, ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ನ್ಯಾಯ ಅಂತ. ರಾಮ ಉತ್ತರ ಕೊಡಲೇಬೇಕು. ಅಡಿಕೆ ಸುಲಿಯುವವರೂ ಆ ವಾದ ಕೇಳಿ ಮರುದಿನ ಚಪ್ಪರದ ಕೆಳಗೆ ಅದನ್ನೇ ಮುಂದುವರಿಸುತ್ತಾರೆ. ದೇವರನ್ನು ಕಟಕಟೆಗೆ ಹತ್ತಿಸುವ ಜನ ನಾವು.

ಬನವಾಸಿ ಬಸ್ಸು:
ಯಕ್ಷಗಾನ ಜನಪದ ಅಲ್ಲ. ಅದಕ್ಕೆ ರಾಗ ಇದೆ, ತಾಳ ಇದೆ, ಬರೆದಿಟ್ಟ ಪ್ರಸಂಗ ಇದೆ.

ತಾಳಮದ್ದಳೆ ಅಭಿಮಾನಿ:
ಗುಮಟೆ ಪಾಂಗಿಗೆ ತಾಳ ಇಲ್ವಾ? ಕೆರೆಮನೆಯವರು 1934ರಲ್ಲಿ ಮೇಳ ಕಟ್ಟಿದಾಗ ಅವರ ಎದುರು ಕೂತು ನೋಡಿದವರು ಯಾರು, ಪಂಡಿತರಾ? ಗದ್ದೆ ಕೆಲಸ ಮುಗಿಸಿ ಬಂದ ಜನ.

ಬನವಾಸಿ ಬಸ್ಸು:
ನೋಡಿದವರು ಯಾರು ಅನ್ನುವುದು ಬೇರೆ, ಹಾಡಿದವರು ಯಾರು ಅನ್ನುವುದು ಬೇರೆ. ಸರ್ ಕೇಳಿದ್ದು ತಾವೇ ಹಾಡಿಕೊಳ್ಳುವ ಹಾಡಿನ ಬಗ್ಗೆ.

ಘಟ್ಟದ ಬುಡದವ:
ಇಬ್ಬರೂ ದಯವಿಟ್ಟು ಇದಕ್ಕೆ ಬೇರೆ ಎಳೆ ಸುರು ಮಾಡಿ, ನಾನೂ ಬರುತ್ತೇನೆ. ಕೊಪ್ಪದ ಗೌಡ್ರು ಎತ್ತಿದ ಮಾತು ಹಾಗೇ ಉಳಿದಿದೆ. ಒಡೆಯನ ಮನೆ ಹೊನ್ನಾಗಲಿ ಅನ್ನುವ ಸಾಲಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಯಲ್ಲಾಪುರ ಕಾಡು:
ನಾನು ಸಿದ್ದಿ. ಯಲ್ಲಾಪುರ ತಾಲೂಕು. ನನ್ನ ಉತ್ತರ ಸ್ವಲ್ಪ ಉದ್ದ.

ನಮ್ಮ ಹಿರಿಯರು ಆಫ್ರಿಕಾದಿಂದ ಗುಲಾಮರಾಗಿ ಬಂದವರು, ಗೋವಾದಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಅಂತ ಎಲ್ಲರಿಗೂ ಗೊತ್ತು. ಯಾವ ಊರಿಂದ ಬಂದರು, ಅವರ ಹೆಸರೇನು, ಅದು ನಮಗೂ ಉಳಿಯಲಿಲ್ಲ. ಭಾಷೆ ಹೋಯಿತು. ಧರ್ಮ ಮೂರಾಯಿತು. ಯಲ್ಲಾಪುರ, ಅಂಕೋಲಾ ಕಡೆ ನಾವು ಹಿಂದೂಗಳು. ಹಳಿಯಾಳ ಕಡೆ ಕ್ರೈಸ್ತ ಸಿದ್ದಿಗಳು, ಮುಸ್ಲಿಂ ಸಿದ್ದಿಗಳು ಇದ್ದಾರೆ. ಉಳಿದದ್ದು ಎರಡು. ಒಂದು ಡಮಾಮಿ, ಇನ್ನೊಂದು ಹಿರಿಯರ ಪೂಜೆ.

ಹಿರಿಯರು ಅಂದರೆ ನಮ್ಮಲ್ಲಿ ಸತ್ತವರು ಮಾತ್ರ ಅಲ್ಲ, ಮನೆಯಲ್ಲೇ ಇರುವವರು. ಅವರಿಗೆ ತೆಂಗಿನಕಾಯಿ ಇಡುತ್ತೇವೆ. ಡಮಾಮಿ ಬಾರಿಸಿ ಹಾಡುವಾಗ ಅವರನ್ನು ಕರೆಯುತ್ತೇವೆ, ಮನೆಯ ಸುದ್ದಿ ಹೇಳುತ್ತೇವೆ. ಯಾರಿಗೆ ಜ್ವರ, ಯಾರ ಮದುವೆ ನಿಂತಿದೆ, ಯಾರ ಆಕಳು ಕಳೆದಿದೆ. ನನ್ನ ಅಪ್ಪ ಹೇಳುತ್ತಿದ್ದ, "ನಮ್ಮ ಕಾಗದ ಯಾವ ಆಫೀಸಿನಲ್ಲೂ ಇಲ್ಲ, ಡಮಾಮಿಯಲ್ಲಿದೆ" ಅಂತ. ಚಿಕ್ಕವನಿದ್ದಾಗ ನಗುತ್ತಿದ್ದೆ. ಈಗ ನಗುವುದಿಲ್ಲ.

ಗೌಡ್ರೆ, ನಿಮಗೆ ಒಂದು ಮಾತು. ನಮಗೆ 2003ರಲ್ಲಿ ಎಸ್‌ಟಿ ಸಿಕ್ಕಿತು. ಹಾಡಿನಿಂದ ಸಿಕ್ಕಿತು ಅಂತ ನಾನು ಹೇಳುವುದಿಲ್ಲ. ಅರ್ಜಿ ಬರೆದು, ಮೀಟಿಂಗ್ ಮಾಡಿ, ಬಸ್ಸು ಹತ್ತಿ ಇಳಿದು ಸಿಕ್ಕಿದ್ದು. ಆದರೆ ಮೀಟಿಂಗಿಗೆ ಮೂರೂ ಧರ್ಮದ ಸಿದ್ದಿಗಳು ಒಂದೇ ಚಾಪೆಯಲ್ಲಿ ಕೂತರಲ್ಲ, ಆ ಚಾಪೆ ಹಾಸಿದ್ದು ಡಮಾಮಿ. ನಮ್ಮ ಊರಲ್ಲಿ ನಾನು ಕಣ್ಣಾರೆ ಕಂಡದ್ದು. ಮೊದಲು ಬಾರಿಸುತ್ತಿದ್ದರು, ಹೆಂಗಸರು ಫುಗಡಿ ಕುಣಿಯುತ್ತಿದ್ದರು, ಆಮೇಲೆ ಮಾತು.

ಗಂಗಾವಳಿ ದಂಡೆ:
ಅಣ್ಣ, ಡಮಾಮಿಯಲ್ಲಿ ಕಾಗದ ಇದೆ ಅನ್ನುವ ಮಾತಿಗೆ ಕಣ್ಣು ತುಂಬಿ ಬಂತು.

ಗುಮಟೆ ಪ್ರಿಯ ಕಾರವಾರ:
ಡಮಾಮಿಗೆ ಈಗ ಯಾವ ಚರ್ಮ ಹಾಕುತ್ತೀರಿ? ಹಿಂದೆ ಜಿಂಕೆ ಚರ್ಮ ಅಲ್ವಾ?

ಯಲ್ಲಾಪುರ ಕಾಡು:
ಈಗ ಆಡು. ಜಿಂಕೆ ಮಾತು ಮುಗಿದು ಎಷ್ಟೋ ಕಾಲ ಆಯಿತು.

ಗುಮಟೆ ಪ್ರಿಯ ಕಾರವಾರ:
ಗುಮಟೆಯದೂ ಅದೇ ಕತೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗುಮಟೆ ಅಂದರೆ ಮಣ್ಣಿನ ಗಡಿಗೆ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿಯುತ್ತಾರೆ, ಸಣ್ಣ ಬಾಯಿ ತೆರೆದೇ ಇರುತ್ತದೆ. ಆ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ತೆರೆದು ದನಿ ಏರಿಳಿಸುತ್ತಾರೆ. ಮೊದಲು ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಉಡ ಹಿಡಿಯುವುದು ಅಪರಾಧ. ಈಗ ಆಡಿನ ಚರ್ಮ. ಗೋವಾದವರು 2019ರಲ್ಲಿ ಇದನ್ನು ರಾಜ್ಯದ ಪರಂಪರೆಯ ವಾದ್ಯ ಅಂತ ಘೋಷಿಸಿದರು, ಆಡಿನ ಚರ್ಮದ ಗುಮಟೆಯನ್ನೇ. ನಮ್ಮಲ್ಲಿ ಯಾರೂ ಅಷ್ಟು ಮುತುವರ್ಜಿ ತೋರಿಸಲಿಲ್ಲ ಅನ್ನುವುದು ನನ್ನ ಬಹುದಿನದ ಸಂಕಟ.

ಹಳಬರು ದನಿ ಮೊದಲಿನಷ್ಟು ಆಳಕ್ಕೆ ಇಳಿಯುವುದಿಲ್ಲ ಅನ್ನುತ್ತಾರೆ. ಇರಬಹುದು. ಆದರೆ ನಮ್ಮ ಗುಂಪಿನ ಒಬ್ಬ ಅಜ್ಜ, ಎಪ್ಪತ್ತು ದಾಟಿದವರು, ಚರ್ಮ ಬದಲಾಯಿಸುವಾಗ ಹೇಳಿದ್ದು ಬೇರೆ. "ಉಡವೂ ಕಾಡಿನ ಜೀವವೇ. ದೇವರ ಪದ ಹಾಡಲು ಅದನ್ನು ಕೊಂದರೆ ದೇವರು ಯಾಕೆ ಬರಬೇಕು?" ಅಂದರು. ಕಾಯ್ದೆಗೆ ಹೆದರಿ ಅಲ್ಲ. ಮನಸ್ಸಿಗೆ ಸರಿ ಕಂಡಿತ್ತು.

ಕೊಪ್ಪದ ಗೌಡ:
ಗುಮಟೆ ಗೋವಾದಿಂದ ಬಂತು ಅಂತ ಇನ್ನೊಬ್ಬರು ಬರೆಯುವ ಮೊದಲು ಹೇಳಿಬಿಡುತ್ತೇನೆ. ನಮ್ಮ ಕೊಪ್ಪಗಳಲ್ಲಿ ತಲೆತಲಾಂತರದಿಂದ ಇದೆ. ಅವರದು ಅವರಿಗೆ, ನಮ್ಮದು ನಮಗೆ.

ಕಾಳಿ ಕಣಿವೆ:
ನಾನು ಜೋಯಿಡಾ ತಾಲೂಕಿನ ರಾಮನಗರದಿಂದ. ಸೂಪಾ ಅಣೆಕಟ್ಟಿನಲ್ಲಿ ನಮ್ಮ ಊರು ಮುಳುಗಿದ ಮೇಲೆ ಅಪ್ಪ ಅಮ್ಮನನ್ನು ಇಲ್ಲಿಗೆ ತಂದು ಕೂರಿಸಿದರು.

ಊರ ದೇವರ ಕಲ್ಲನ್ನು ಜನ ಹೊತ್ತು ತಂದರು. ಆದರೆ ಹಾಡು ಹಳೇ ಜಾಗದ ಹಾಡು. ಅದರಲ್ಲಿ ಇಂಥ ಹಳ್ಳ ದಾಟಿ, ಇಂಥ ಮರದ ಕೆಳಗೆ ಬಾ ಅಂತ ದೇವರನ್ನು ಕರೆಯುತ್ತಾರೆ. ಆ ಹಳ್ಳ ನೀರಿನ ಅಡಿಯಲ್ಲಿದೆ, ಆ ಮರ ಇಲ್ಲ. ನಮ್ಮ ಅಜ್ಜಿ ಸಾಯುವ ತನಕ ಆ ಹೆಸರು ಬದಲಾಯಿಸಲು ಬಿಡಲಿಲ್ಲ. ಮಕ್ಕಳಾಗಿದ್ದ ನಾವು ಆ ಊರನ್ನು ನೋಡಿಯೇ ಇಲ್ಲ. ಆದರೆ ಕಣ್ಣು ಮುಚ್ಚಿದರೆ ದಾರಿ ಗೊತ್ತು. ಯಾವ ತಿರುವಿನಲ್ಲಿ ಯಾವ ಬನ, ಎಲ್ಲಿ ಹುಲಿದೇವರು, ಎಲ್ಲ. ನಕಾಶೆಯಲ್ಲಿ ಈಗ ಅಲ್ಲಿ ನೀಲಿ ಬಣ್ಣ ಅಷ್ಟೇ.

ಇನ್ನು ಹಣೆಬರಹದ ಮಾತು. ನಮ್ಮ ಕಡೆ ಹುಲಿ ಆಕಳನ್ನು ಹಿಡಿದರೆ ಹಳಬರು "ಅವನ ಪಾಲು ಅವನು ತಿಂದ" ಅನ್ನುತ್ತಾರೆ. ಹುಲಿ ದೇವರೇ ಅಲ್ವಾ. ಹೊರಗಿನವರಿಗೆ ಇದು ಕೈಚೆಲ್ಲಿದ ಹಾಗೆ ಕಾಣುತ್ತದೆ. ಆದರೆ ಈ ಭಾವನೆ ಇದ್ದದ್ದಕ್ಕೇ ಕಾಳಿ ಕಣಿವೆಯಲ್ಲಿ ಹುಲಿ ಉಳಿಯಿತು. ಹುಲಿ ರಕ್ಷಿತಾರಣ್ಯ ಅಂತ ಘೋಷಿಸಿದ್ದು 2007ರಲ್ಲಿ. ಅದಕ್ಕಿಂತ ಎಷ್ಟೋ ಮೊದಲಿನಿಂದ ಕುಣಬಿಗಳು, ಗೌಳಿಗಳು ಹುಲಿಯ ಜೊತೆಗೇ ಬದುಕಿದವರು.

ಬನವಾಸಿ ಬಸ್ಸು:
ಪಾಲು ಅಂತ ಬಿಟ್ಟರೆ ಆಕಳು ಕಳೆದುಕೊಂಡವನ ಹಾಲಿನ ಲೆಕ್ಕ ಯಾರು ಕೊಡಬೇಕು? ಪರಿಹಾರಕ್ಕೆ ಅರ್ಜಿ ಹಾಕಬೇಡಿ ಅಂತಲಾ?

ಕಾಳಿ ಕಣಿವೆ:
ಹಾಗೆ ಹೇಳಲಿಲ್ಲ. ನಮ್ಮ ಚಿಕ್ಕಪ್ಪ ಬೆಳಿಗ್ಗೆ ಅರ್ಜಿ ಕೊಟ್ಟು ಬಂದರು, ಸಂಜೆ ಹುಲಿದೇವರಿಗೆ ಕಾಯಿ ಒಡೆದರು. ಎರಡೂ ಮಾಡುತ್ತಾರೆ. ಒಂದು ಮಾಡಿದವರು ಇನ್ನೊಂದು ಮಾಡಬಾರದು ಅಂತ ನಮ್ಮಲ್ಲಿ ಇಲ್ಲ.

ಸೋಂದೆ ಸೊಸೆ:
ಇದು ಸರಿಯಾದ ಮಾತು. ನಮ್ಮಲ್ಲೂ ದೀಪಾವಳಿ ಗೋಪೂಜೆಯ ದಿನ ಹುಲಿಯಪ್ಪನಿಗೆ ಪೂಜೆ. ದನ ಮೇಯುವ ಕಾಡಿನ ಅಂಚಿನಲ್ಲಿ ಕಲ್ಲು ಇದೆ. ಅಪ್ಪಯ್ಯ ಕೊಟ್ಟಿಗೆಗೆ ಗಟ್ಟಿ ಬಾಗಿಲೂ ಹಾಕಿಸಿದ್ದರು.

ಸಿದ್ದಾಪುರ ದೀಪ:
ದೀಪಾವಳಿ ಅಂತ ಬಂದದ್ದಕ್ಕೆ ನನ್ನದೂ ಸೇರಿಸುತ್ತೇನೆ. ನಾವು ದೀವರು. ಭೂಮಿ ಹುಣ್ಣಿಮೆ ನಮ್ಮ ದೊಡ್ಡ ಹಬ್ಬ. ಭತ್ತ ಹೊಡೆ ತುಂಬುವ ಹೊತ್ತು. ಭೂಮಿ ಬಸುರಿ, ಅವಳಿಗೆ ಬಯಕೆ ಊಟ. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡುಗೆ, ಅದಕ್ಕೆ ಹಾಡು. ಬೆಳಕು ಹರಿಯುವ ಮೊದಲು ಗಂಡಸರು ಗದ್ದೆಗೆ ಹೋಗಿ ಸೊಪ್ಪು ತರಕಾರಿಯ ಹಚ್ಚಂಬಲಿ ಬೀರುತ್ತಾ ಭೂತಾಯಿಯನ್ನು ಊಟಕ್ಕೆ ಕೂಗಿ ಕರೆಯುತ್ತಾರೆ. ಬೆಳೆ ಕೈಗೆ ಬಂದ ಮೇಲೆ ಥ್ಯಾಂಕ್ಸ್ ಹೇಳುವ ಹಬ್ಬ ಅಲ್ಲ ಇದು. ಬರುವ ಮೊದಲೇ ಅವಳಿಗೆ ಉಣ್ಣಿಸುವುದು. ಕೊಡುತ್ತಾಳೋ ಇಲ್ಲವೋ ಗೊತ್ತಿಲ್ಲದಾಗ ಉಣ್ಣಿಸುವುದು.

ಆಮೇಲೆ ದೀಪಾವಳಿಗೆ ಬಿಂಗಿ ಪದ. ಸಾಗರ, ತೀರ್ಥಹಳ್ಳಿ ಕಡೆ ಅಂಟಿಗೆ ಪಂಟಿಗೆ ಅನ್ನುತ್ತಾರೆ. ಗಂಡಸರು ದೀಪ ಹಿಡಿದು ರಾತ್ರಿಯಿಡೀ ಕಾಡುದಾರಿಯಲ್ಲಿ ಮನೆಯಿಂದ ಮನೆಗೆ ಹಾಡುತ್ತಾ ಹೋಗುತ್ತಾರೆ. ಹೋದ ಮನೆಯವರು ಆ ದೀಪಕ್ಕೆ ಎಣ್ಣೆ ಹಾಕುತ್ತಾರೆ. ದೀಪ ಆರಬಾರದು. ನಾನು ಹದಿನಾರು ವರ್ಷದವನಿದ್ದಾಗ ಮೊದಲ ಸಲ ದೀಪ ಹಿಡಿದೆ. ಗಾಳಿಗೆ ಕೈ ಅಡ್ಡ ಹಿಡಿದು ನಡೆದು ನಡೆದು ಅಂಗೈ ಬಿಸಿಯಾಗಿತ್ತು. ಘಟ್ಟದಲ್ಲಿ ಮನೆ ದೂರ ದೂರ. ಒಂದು ಗುಡ್ಡ ಹತ್ತಿಳಿದರೆ ಒಂದು ಮನೆ. ವರ್ಷಕ್ಕೊಮ್ಮೆಯಾದರೂ ಎಲ್ಲರ ಮನೆಯ ಎಣ್ಣೆ ಒಂದೇ ಹಣತೆಯಲ್ಲಿ ಉರಿಯುತ್ತಿತ್ತು.

ಕೇರಿಯ ಮಗ:
ಎಲ್ಲರ ಮನೆಯ ಎಣ್ಣೆ ಅಲ್ಲ ಅಣ್ಣ. ನಮ್ಮ ಕೇರಿಗೆ ಆ ದೀಪ ಬರುತ್ತಿರಲಿಲ್ಲ.

ದೂರದಲ್ಲಿ ಹಾಡು ಕೇಳುತ್ತಿತ್ತು. ಬೆಳಕು ಗುಡ್ಡದ ಮೇಲೆ ಹೋಗುವುದು ಕಾಣುತ್ತಿತ್ತು. ಅವ್ವ ಎಣ್ಣೆ ಬಟ್ಟಲು ತುಂಬಿಸಿ ಬಾಗಿಲಲ್ಲಿ ಇಡುತ್ತಿದ್ದಳು, ಬಂದರೂ ಬರಬಹುದು ಅಂತ. ನನಗೆ ಈಗ ನಲವತ್ತೆರಡು. ಆ ಬಟ್ಟಲು ಮರೆತಿಲ್ಲ.

ಸಿದ್ದಾಪುರ ದೀಪ:
ನನಗೆ ಏನು ಹೇಳಬೇಕು ತಿಳಿಯುತ್ತಿಲ್ಲ. ನಿಮ್ಮ ಮಾತು ನಿಜ. ನಾನು ಎಲ್ಲರ ಮನೆ ಅಂತ ಬರೆದದ್ದು ತಪ್ಪು. ನಮ್ಮ ತಂಡವೂ ಹಿಂದೆ ಎಲ್ಲ ಕಡೆ ಹೋಗುತ್ತಿರಲಿಲ್ಲ. ಈಗ ಹೋಗುತ್ತೇವೆ. ಆ ಮೇಲೆ ಸೇರಿದ ಮನೆಗಳಲ್ಲಿ ಮೊದಲ ವರ್ಷ ನಿಂತಾಗ ಹಾಡು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಕೇರಿಯ ಮಗ:
ನಮ್ಮಲ್ಲಿಗೂ ಈಗ ಬರುತ್ತದೆ. ಅವ್ವ ಅದನ್ನು ನೋಡಿಯೇ ಹೋದಳು. ಆ ದಿನ ಅವಳು ಎಣ್ಣೆ ಎರೆದದ್ದು ಎಷ್ಟು ಅಂದರೆ ಹಣತೆ ತುಂಬಿ ಹರಿಯಿತು. ನನಗೆ ಸಿಟ್ಟೂ ಇದೆ, ಆ ಹಾಡಿನ ಮೇಲೆ ಪ್ರೀತಿಯೂ ಇದೆ. ಎರಡರಲ್ಲಿ ಒಂದನ್ನು ಬಿಡು ಅಂದರೆ ಆಗುವುದಿಲ್ಲ.

ಕೊಪ್ಪದ ಗೌಡ:
ಕೇರಿಯ ಮಗ ಅವರ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಮೊದಲು ಬರೆದದ್ದು ಅರ್ಧ. ಇನ್ನರ್ಧ ಈಗ ಬರೆಯುತ್ತೇನೆ.

ಸುಗ್ಗಿ ಕಟ್ಟುವ ಮೊದಲು ನಮ್ಮ ಕೊಪ್ಪದಲ್ಲಿ ಒಂದು ಕಟ್ಟಳೆ ಇತ್ತು. ಮಾತು ಬಿಟ್ಟ ಮನೆಗಳು ಮಾತಾಡಬೇಕು. ಕೊಪ್ಪದ ಮುಖ್ಯಸ್ಥರಾದ ಗೌಡ, ಬುದವಂತ ಕೂತು ಇಬ್ಬರನ್ನೂ ಕರೆಸುತ್ತಿದ್ದರು, ಕೋಲಕಾರ ಹೋಗಿ ಹೇಳಿ ಬರುತ್ತಿದ್ದ. ಜಗಳ ಇಟ್ಟುಕೊಂಡು ತುರಾಯಿ ಕಟ್ಟಿದರೆ ಕರಿದೇವರು ಒಪ್ಪುವುದಿಲ್ಲ ಅಂತ. ನನ್ನ ಅಪ್ಪನಿಗೂ ದೊಡ್ಡಪ್ಪನಿಗೂ ಗದ್ದೆಯ ಬದುವಿಗಾಗಿ ಆರು ವರ್ಷ ಮಾತಿರಲಿಲ್ಲ. ಕೋರ್ಟಿಗೆ ಹೋಗುವುದೊಂದು ಬಾಕಿ. ಸುಗ್ಗಿಗಾಗಿ ಮಾತಾಡಿದರು. ಬೆಂಡಿನ ಹೂವು ಕಟ್ಟಲು ಒಬ್ಬನ ತುರಾಯಿಯನ್ನು ಇನ್ನೊಬ್ಬ ಹಿಡಿದುಕೊಳ್ಳಬೇಕು, ಒಬ್ಬನೇ ಕಟ್ಟಲು ಆಗುವುದಿಲ್ಲ. ಅಪ್ಪನ ತಲೆಗೆ ದೊಡ್ಡಪ್ಪ ಕಟ್ಟಿದರು. ಇಬ್ಬರೂ ಅಳುತ್ತಿದ್ದರು. ನಾನು ಹತ್ತು ವರ್ಷದವನು, ಅಪ್ಪ ಅಳುವುದನ್ನು ಅದೇ ಮೊದಲು ನೋಡಿದ್ದು.

ಹಾಗಾಗಿ ಹಾಡು ನಮ್ಮನ್ನು ಕೆಳಗೆ ಇಟ್ಟಿತು ಅಂತ ನಾನು ಹೇಳಲಾರೆ. ನನ್ನ ತಕರಾರು ಬೇರೆ ಕಡೆ ಇದೆ. ಈಗ ಉತ್ಸವಗಳಿಗೆ ನಮ್ಮವರನ್ನು ಕರೆಯುತ್ತಾರೆ. ಐದು ನಿಮಿಷ ಅನ್ನುತ್ತಾರೆ. ಗುಮಟೆಯಲ್ಲಿ ರಾಮಾಯಣದ ಒಂದು ಕತೆ ಎತ್ತಿಕೊಂಡರೆ ಬೆಳಗಾಗುತ್ತದೆ. ಮೊದಲು ಭೂಮಿ, ಸೂರ್ಯ, ಚಂದ್ರ, ಗುರು, ಹಿರಿಯರು, ಇಷ್ಟು ಜನರನ್ನು ನೆನೆಯಲೇ ಐದು ನಿಮಿಷ ಸಾಲುವುದಿಲ್ಲ. ಕತೆಗೆ ಬರುವ ಮೊದಲೇ ಮೈಕ್ ತೆಗೆದುಕೊಳ್ಳುತ್ತಾರೆ. ಒಂದು ಕಡೆ ನನ್ನ ಮಾವನಿಗೆ ಹಾಗೆ ಆಯಿತು. ನೆನೆದ ದೇವರನ್ನು ಕೂರಿಸದೆ ಇಳಿದು ಬಂದೆ ಅಂತ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಗಂಗಾವಳಿ ದಂಡೆ:
ನೆನೆದ ದೇವರನ್ನು ಕೂರಿಸದೆ... ಅಯ್ಯೋ.

ನಾನೂ ಒಂದು ಹೇಳುತ್ತೇನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಮೇಲೆ, ಗಂಗಾವಳಿಗೆ ಬಿತ್ತು. ನಮ್ಮ ಊರು ಅಲ್ಲಿಂದ ದೂರ ಇಲ್ಲ. ಆ ಮಳೆಗಾಲ ನಮ್ಮ ಸುತ್ತಿನಲ್ಲಿ ಯಾರೂ ಗುಮಟೆ ಮುಟ್ಟಲಿಲ್ಲ. ದೇವರ ಕೋಪ ಅಂತ ಒಬ್ಬರು ನಮ್ಮ ಜಗಲಿಯಲ್ಲಿ ಕೂತು ಹೇಳಿದರು. ಕೆಲಸಕ್ಕೆ ಬರುವ ಹಾಲಕ್ಕಿ ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದಳು: "ಗುಡ್ಡದ ಕಾಲು ಕಡಿದದ್ದು ದೇವರಾ?" ಅಷ್ಟೇ. ಮತ್ತೆ ಅಡಿಕೆ ಕತ್ತರಿಸಿದಳು. ಇವರನ್ನು ಹಣೆಬರಹದವರು ಅನ್ನುವವರು ಇವರ ಹತ್ತಿರ ಹತ್ತು ನಿಮಿಷ ಕೂತಿಲ್ಲ.

ತಾಳಮದ್ದಳೆ ಅಭಿಮಾನಿ:
ಗೋಕರ್ಣದ ಕಡೆ ಹಾಲಕ್ಕಿ ಹೆಂಗಸರು ಮಳೆಗಾಗಿ ದಾದುಮ್ಮನ ಮದುವೆ ಮಾಡುತ್ತಾರಲ್ಲ, ಇಬ್ಬರು ಹೆಂ‌ಗಸರನ್ನೇ ಮದುಮಗ ಮದುಮಗಳು ಮಾಡಿ, ಹಾಡು ಹೇಳಿ. ಯಾರಾದರೂ ನೋಡಿದ್ದೀರಾ? ಅದರಲ್ಲಿ ಎಷ್ಟು ನಗು! ಮಳೆ ಬಾರದ ಚಿಂತೆಯಲ್ಲೂ ನಗಬಲ್ಲ ಜನ.

ಗಂಗಾವಳಿ ದಂಡೆ:
ನೋಡಿದ್ದೇನೆ. ದಿಬ್ಬಣ, ಉಡುಗೊರೆ, ಊಟ, ಎಲ್ಲ ನಿಜವಾದ ಮದುವೆಯ ಹಾಗೇ. ಪೂಜೆ ಮಾತ್ರ ಮನಸ್ಸಿಟ್ಟು ಮಾಡುತ್ತಾರೆ.

ಯಲ್ಲಾಪುರ ಕಾಡು:
ಮೂಲ ಪ್ರಶ್ನೆ ಕೇಳಿದವರಿಗೆ ಒಂದು ಸಣ್ಣ ಪ್ರಶ್ನೆ. ಗದ್ದೆ ಹೋದ ಆ ಅಜ್ಜಿ ಮರುದಿನ ಬೆಳಿಗ್ಗೆ ಏನು ಮಾಡಿದರು?

ಘಟ್ಟದ ಬುಡದವ:
ಒಳ್ಳೆಯದು ಕೇಳಿದಿರಿ. ಬೆಳಿಗ್ಗೆ ನಾನು ಗೆಳೆಯನನ್ನು ಬಸ್ಸಿಗೆ ಬಿಡಲು ಹೋಗುವಾಗ ಅಜ್ಜಿ ದಾರಿಯಲ್ಲಿ ಸಿಕ್ಕಿದಳು. ತಲೆ ಮೇಲೆ ಮಳೆಗೆ ಹೊದೆಯುವ ಗೊರಬು, ಕೈಯಲ್ಲಿ ಬುಟ್ಟಿ. ಎಲ್ಲಿಗೆ ಅಂದೆ. ಮೇಲಿನ ಊರಲ್ಲಿ ಸಸಿ ಉಳಿದಿದೆಯಂತೆ, ಕೇಳಿ ನೋಡುತ್ತೇನೆ ಅಂದಳು. ಆರೂವರೆ ಆಗಿತ್ತು. ಇದನ್ನು ಮೊದಲೇ ಬರೆಯಬೇಕಿತ್ತು, ಆಗ ಅದು ದೊಡ್ಡ ವಿಷಯ ಅಂತ ಅನ್ನಿಸಲಿಲ್ಲ.

ಯಲ್ಲಾಪುರ ಕಾಡು:
ರಾತ್ರಿ ಏನು ಹಾಡಿದರು ಅಂತ ಕೇಳಿದಿರಾ?

ಘಟ್ಟದ ಬುಡದವ:
ಇಲ್ಲ. ನಾಳೆ ಹೋಗುತ್ತೇನೆ. ಸಾಧ್ಯವಾದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಕುಮಟೆಯ ಎಲ್. ಆರ್. ಹೆಗಡೆಯವರು, ಹೊನ್ನಾವರದ ಎನ್. ಆರ್. ನಾಯಕರು, ಶಾಂತಿ ನಾಯಕರು ಎಷ್ಟೆಲ್ಲ ಜನಪದ ಸಂಗ್ರಹ ಮಾಡಿದರು. ನಾವು ಕೈಯಲ್ಲಿ ಫೋನ್ ಇದ್ದೂ ಮಾಡುವುದಿಲ್ಲ.

ಕೊಪ್ಪದ ಗೌಡ:
ಸರ್, ಮೊದಲು ಕೇಳಿ, ಆಮೇಲೆ ರೆಕಾರ್ಡ್. ಕೆಲವು ಪದ ಹೊತ್ತಲ್ಲದ ಹೊತ್ತಿನಲ್ಲಿ ಹಾಡುವುದಿಲ್ಲ. ಸುಗ್ಗಿಯದು ಸುಗ್ಗಿಯಲ್ಲಿ, ನೆಟ್ಟಿಯದು ನೆಟ್ಟಿಯಲ್ಲಿ. ಒತ್ತಾಯ ಮಾಡಿದರೆ ನಿಮ್ಮ ಮೇಲಿನ ಮರ್ಯಾದೆಗೆ ಹಾಡಿಬಿಡುತ್ತಾರೆ, ಮನಸ್ಸಿನಲ್ಲಿ ನೊಂದುಕೊಳ್ಳುತ್ತಾರೆ. ಖಾಲಿ ಕೈಯಲ್ಲೂ ಹೋಗಬೇಡಿ. ಎಲೆ ಅಡಿಕೆ ಒಯ್ಯಿರಿ.

ಘಟ್ಟದ ಬುಡದವ:
ಹೋಗಿ ಬಂದೆ. ಎಲೆ ಅಡಿಕೆ ಒಯ್ದಿದ್ದೆ. ಫೋನ್ ಜೇಬಿನಿಂದ ತೆಗೆಯಲಿಲ್ಲ.

ಆ ರಾತ್ರಿ ಯಾವ ದೇವರ ಪದ ಹಾಡಿದಿರಿ ಅಂದೆ. ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಸೀತೆ ಕಾಡಿಗೆ ಹೋದ ಪದ ಅಂದಳು. ಯಾಕೆ ಅದೇ ಪದ ಅಂದೆ. ಅವಳು ಹೇಳಿದ್ದನ್ನು ಆದಷ್ಟು ಹಾಗೇ ಬರೆಯುತ್ತೇನೆ.

"ಸೊಸೆ ಉಣ್ಣದೇ ಕೂತಿದ್ದಳು. ಗದ್ದೆಯಿಂದ ಬಂದವಳು ಮೈ ಒರೆಸಿಕೊಳ್ಳಲಿಲ್ಲ, ಮಾತಾಡಲಿಲ್ಲ. ಮಗ ಊರಲ್ಲಿಲ್ಲ. ನಾನು ಎಷ್ಟು ಕರೆದರೂ ಏಳಲಿಲ್ಲ. ಆಚೆ ಮನೆಯವರನ್ನು ಕರೆದು ಪದ ಎತ್ತಿದೆ. ನಾನು ಎತ್ತಿದರೆ ಹಿಂದೆ ಹಾಡುವವಳು ಅವಳೇ. ನಮ್ಮ ಮನೆಯಲ್ಲಿ ಮೊದಲಿಂದ ಹಾಗೆ. ದೇವರ ಪದ, ಅರ್ಧಕ್ಕೆ ಬಿಡಲು ಆಗುವುದಿಲ್ಲ. ಮೂರು ಸೊಲ್ಲು ಸುಮ್ಮನಿದ್ದಳು. ನಾಲ್ಕಕ್ಕೆ ಬಾಯಿ ಬಿಟ್ಟಳು. ಸೀತೆಯ ಸಲುವಾಗಿ ಅತ್ತಳು, ಆಮೇಲೆ ಗಂಜಿ ಉಂಡಳು."

ನಾವು ಮಾತಾಡುವಾಗ ಸೊಸೆ ಒಳಗಿನಿಂದ ಬೆಲ್ಲ, ನೀರು ತಂದು ಕೊಟ್ಟರು. ಗೆಳೆಯನಿಗೆ ಇಷ್ಟನ್ನೂ ಬರೆದು ಕಳಿಸಿದ್ದೇನೆ.

ಸೋಂದೆ ಸೊಸೆ:
ಅಮ್ಮಮ್ಮನ ನೆನಪಾಗಿ ಕೂತಲ್ಲೇ ಕೂತೆ ಸರ್.

ಕೊಪ್ಪದ ಗೌಡ:
ಸಸಿ ಸಿಕ್ಕಿತಾ ಅಜ್ಜಿಗೆ?

ಘಟ್ಟದ ಬುಡದವ:
ಅರ್ಧ ಗದ್ದೆಗೆ ಆಗುವಷ್ಟು. ಇನ್ನರ್ಧ ಹಾಗೇ ಬಿದ್ದಿದೆ.

ಕೊಪ್ಪದ ಗೌಡ:
ಊರಿಗೆ ಫೋನ್ ಮಾಡಿದೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಸಸಿ ಉಳಿದಿದೆ, ತಡವಾದರೂ ನೆಡಬಹುದಂತೆ. ಶನಿವಾರ ನಾನು ಊರಿಗೆ ಬರುತ್ತೇನೆ. ಭಾನುವಾರ ಬೆಳಿಗ್ಗೆ ಟೆಂಪೋದಲ್ಲಿ ಹಾಕಿ ತರುತ್ತೇನೆ. ದಾರಿ ಹೇಳಿ. ಕತಗಾಲದವರೆಗೆ ಗೊತ್ತು, ಅಲ್ಲಿಂದ ಮುಂದೆ ಯಾವ ಕಡೆ ತಿರುಗಬೇಕು?